ಮೂರು ಡಿಗ್ರಿ

ಮಾರ್ಚಿಯಲ್ಲಿ ಬಂತು ಆ ಪೆಟ್ಟಿಗೆ, ಗೋಣಿಕೊಪ್ಪಲಿನ ನಮ್ಮ ಎಕ್ಸ್‌ರೇ ಕೋಣೆಗೆ.
ಕೊಳವೆಯ ನೆತ್ತಿಯಲ್ಲೊಂದು ಕಣ್ಣು, ನನ್ನ ಮೇಜಿಗೊಂದು ಪರದೆ.
ನಿಂತವರ ಬೆನ್ನ ಮೇಲೆ, ಕಿರಣ ಬೀಳುವ ಮೊದಲೇ,
ಶ್ವಾಸಕೋಶ ಎಲ್ಲಿರಬಹುದೆಂದು ಊಹಿಸಿ ಗೆರೆ ಎಳೆಯುತ್ತದೆ.
ಸರಿ ನಿಂತರೆ ಹಸಿರು.
ಇಲ್ಲದಿದ್ದರೆ ಕಿತ್ತಳೆ, ನಮ್ಮೂರ ಕಿತ್ತಳೆಯದೇ ಬಣ್ಣ,
ಜೊತೆಗೊಂದು ಹೆಣ್ಣುದನಿ, ವಾರ್ತೆ ಓದುವ ಕನ್ನಡದಲ್ಲಿ:
ದಯವಿಟ್ಟು ಗಲ್ಲವನ್ನು ಮೇಲಕ್ಕೆತ್ತಿ.

ಇಪ್ಪತ್ತಾರು ವರ್ಷ ಇದನ್ನು ಅಂಗೈಯಲ್ಲೇ ಮಾಡಿದವಳು ನಾನು.
ಸರ ಬಿಚ್ಚಿ, ತಾಯತ ಬಿಚ್ಚಿ, ಜಡೆ ಎತ್ತಿ ಕಟ್ಟಿ.
ಕೈ ಸೊಂಟಕ್ಕೆ, ಮೊಣಕೈ ಮುಂದಕ್ಕೆ,
ಹೆಗಲಮೂಳೆ ಸರಿದು ದಾರಿ ಬಿಡಲಿ.
‘ಉಸಿರೆಳೆದು ಹಿಡಿಯಿರಿ’ ಅಂದರೆ ಯಾರೂ ಹಿಡಿಯುವುದಿಲ್ಲ.
ಕುಟ್ಟದ ಕಡೆಯವರಿಗೆ ಹೇಳುತ್ತೇನೆ:
ಲಕ್ಷ್ಮಣತೀರ್ಥದಲ್ಲಿ ಮುಳುಗು ಹಾಕುತ್ತೀರಲ್ಲ, ಅದರ ಹಿಂದಿನ ಗಳಿಗೆ.
ಹತ್ತು ಪಕ್ಕೆಲುಬು ಎಣಿಸಿಕೊಳ್ಳಬಹುದು ಆಗ.

ಪೆಟ್ಟಿಗೆಗೆ ಒಂದೇ ತಕರಾರು.
ಬಲಕ್ಕೆ ವಾಲಿದೆ, ಮೂರು ಡಿಗ್ರಿ.
ಮೀನಿನ ಉಮ್ಮರ್ ನಿಂತರೂ ಮೂರು,
ಕಾನ್ವೆಂಟಿನ ಸಿಸ್ಟರ್ ನಿಂತರೂ ಮೂರು,
ಅಂಚೆಯ ಅಪ್ಪಯ್ಯ ಅಟೆನ್ಷನ್ನಿನಲ್ಲಿ ನಿಂತರೂ.
ನಾನು ಮೊದಲು ನಕ್ಕೆ. ಆಮೇಲೆ ಬೈದೆ.
ಗೊತ್ತಿಲ್ಲವಾ ಇದಕ್ಕೆ, ಇದು ಕಾಫಿ ಸೀಮೆ,
ಚೀಲ ಹೊತ್ತ ಹೆಗಲು ಇಳಿದೇ ಇರುತ್ತದೆ.
ಡಾಕ್ಟರ್ ಪೊನ್ನವ್ವನೂ ಹೇಳುವುದು ಅದನ್ನೇ,
ಅವರ ಹಿಂದಿದ್ದವರೂ.
ಸಿಸ್ಟರ್ ಯಾವ ಚೀಲ ಹೊತ್ತರು ಅಂತ
ನಾವ್ಯಾರೂ ಕೇಳಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಹೋಗಿ ನಿಂತೆ.
ಮೂರು.

ಮೇಸ್ತ್ರಿ ಕುಟ್ಟನ್ ರಸಮಟ್ಟ ತಂದು ನೆಲಕ್ಕಿಟ್ಟ.
ಗುಳ್ಳೆ ಮೆಲ್ಲಗೆ ನಡೆದು ಹೋಯಿತು ಗೋಡೆಯ ಕಡೆ,
ಮನೆ ಗೊತ್ತಿರುವ ಹಸುವಿನ ಹಾಗೆ.
ಯಾವ ಮಳೆಗಾಲದಲ್ಲಿ ಕುಸಿಯಿತೋ, ಹೆಂಚಿನಷ್ಟು ದಪ್ಪ.
ಕಟ್ಟುವಾಗಲೇ ಹಾಗಿತ್ತೋ ಏನೋ, ಅಂದ.

‘ಮೂರು ಡಿಗ್ರಿಗೆ ಯಾರೂ ಸಾಯುವುದಿಲ್ಲ ಬಿಡಿ’ ಅಂದರು ಡಾಕ್ಟರ್.
ನಾನು ಕೇಳಿದ್ದು ಅದನ್ನಲ್ಲ.
ಕಪಾಟಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಹಳೆಯ ಫಿಲ್ಮುಗಳು,
ಎಷ್ಟು ಸಾವಿರವೋ, ಎಲ್ಲ ಒಂದೇ ಕಡೆ ಓರೆ.
ಎಲ್ಲದರ ಮೂಲೆಯಲ್ಲೂ ನನ್ನ ಇನಿಷಿಯಲ್, ನೆಟ್ಟಗೆ.

ನೆಲ ಸರಿಯಾಯಿತು. ಎರಡು ವಾರ ಪರದೆ ಹಸಿರೋ ಹಸಿರು,
ಆ ಹೆಣ್ಣುದನಿಗೆ ಕೆಲಸವೇ ಇಲ್ಲ.

ಆಮೇಲೆ ಬಂದಳು ಚೋಮಿ, ತಿತಿಮತಿಯಾಚೆಯ ಲೈನುಮನೆಯಿಂದ.
ಆನೆ ದಾರಿಗಡ್ಡ ನಿಂತು ಬಸ್ಸು ತಡ,
ಕೆಮ್ಮಿಗೆ ಎರಡು ತಿಂಗಳು.
ಮಣಿಸರ ಬಿಚ್ಚಿ ಮುಷ್ಟಿಯಲ್ಲೇ ಹಿಡಿದು ನಿಂತಳು.
ಕಿತ್ತಳೆ.
ಬಲಕ್ಕೆ ವಾಲಿದೆ, ಮೂರು ಡಿಗ್ರಿ.
ನಾನು ನೆಲ ನೋಡಿದೆ. ರಸಮಟ್ಟ ತೆಗೆದು ಮತ್ತೆ ಇಟ್ಟೆ,
ಗುಳ್ಳೆ ನಡುವಿನಲ್ಲಿ, ಕದಲಲಿಲ್ಲ.

ದಯವಿಟ್ಟು ಬಲ ಭುಜವನ್ನು ಮೇಲಕ್ಕೆತ್ತಿ.
ಅವಳು ಎತ್ತಲು ನೋಡಿದಳು. ಕುತ್ತಿಗೆಯ ನರ ಎದ್ದಿತು, ಭುಜ ಏಳಲಿಲ್ಲ.
ಮೆಣಸು ಕೊಯ್ಯುವ ಏಣಿ ದಿನಾ ಹೊತ್ತ ಹೆಗಲು,
ಮುಟ್ಟಿದರೆ ಒಣಗಿದ ತೊಗಲಿನ ಹಾಗೆ ಗಟ್ಟಿ.
‘ಅದು ಅಲ್ಲೇ ನಿಲ್ತದೆ ಅಕ್ಕಾ,’ ಅಂದಳು,
‘ಮೇಲೆ ಬರೋದು ಅದಕ್ಕೆ ಗೊತ್ತಿಲ್ಲ.’

ದಯವಿಟ್ಟು ಬಲ ಭುಜವನ್ನು

ದನಿಯನ್ನು ಸಣ್ಣಗೆ ಮಾಡಿದೆ. ಪೂರಾ ಆರಿಸಲಿಲ್ಲ,
ಅದು ಹೇಳಿದ್ದು ಸುಳ್ಳಲ್ಲವಲ್ಲ.
ತಟ್ಟೆಯನ್ನೇ ತುಸು ಇಳಿಸಿ, ಅವಳ ಎಡಪಾದ ಒಂದಿಷ್ಟು ಒಳಗೆ ತಂದು,
ಲಕ್ಷ್ಮಣತೀರ್ಥ ಎಂದೆ.
ಅವಳು ಕಣ್ಣು ಮುಚ್ಚಿ ಎದೆ ತುಂಬಿಕೊಂಡಳು.
ಗುಂಡಿ ಒತ್ತಿದೆ, ಕಿತ್ತಳೆಯಲ್ಲೇ.

ಚಿತ್ರದಲ್ಲಿ ಹತ್ತು ಪಕ್ಕೆಲುಬು. ಮೇಲೆ, ಬಲಕ್ಕೆ,
ಬೆರಳಚ್ಚಿನಷ್ಟು ಮಬ್ಬು. ಡಾಕ್ಟರಿಗೆ ಕಳಿಸಿದೆ.
ಕೆಳಗಿನ ಖಾಲಿ ಜಾಗದಲ್ಲಿ ಮೊದಲ ಸಲ ಒಂದು ಸಾಲು ಬರೆದೆ:
ಈ ಓರೆ ನೆಲದ್ದಲ್ಲ.

ಹೊರಗೆ ಚೋಮಿ ಬೆಂಚಿನಲ್ಲಿ ಕೂತು
ಮಣಿಸರ ಹಾಕಿಕೊಳ್ಳುತ್ತಿದ್ದಳು, ಒಂದೇ ಕೈಯಲ್ಲಿ.